ಗೆಜ್ಜೆ ಕಟ್ಟಿದ ಗಾಡಿ

ನಮ್ಮ ವಾಚನಾಲಯದ ಕಟ್ಟೆಗೆ ದಿನಾಲು ಸಂಜೆ ಪೇಪರ್ ಓದಲಿಕ್ಕೆ ಬರುವ ಕನ್ನಡ ಶಾಲೆಯ ಗುರುಗಳೊಬ್ಬರು ಹೋದ ಶ್ರಾವಣದಲ್ಲಿ ನನ್ನನ್ನು ತಡೆದು ಒಂದು ಸವಾಲು ಹಾಕಿದರು.

"ಕಾಕಾರ, ಎತ್ತಿಗೆ ಗೆಜ್ಜಿ ಕಟ್ಟೂದು ನಮಗ ತಿಳಿತೈತಿ. ಅದಕ್ಕ ಜೀವ ಐತಿ, ಕಿವಿ ಐತಿ. ಈ ಕಬ್ಬಣಕ್ಕ ಯಾಕ ಗೆಜ್ಜಿ? ಇದಕ್ಕೇನ ತಿಳಿತೈತಿ?"

ಕಟ್ಟೆಯ ಮೇಲೆ ಕುಂತ ಮಂದಿ ನಕ್ಕರು. ನಾನೂ ನಕ್ಕೆ. ನಾನು ಹರದೇಸಿ ಹಾಡುವವ. ನಲವತ್ತು ವರ್ಷದಿಂದ ಡಪ್ಪು ಹಿಡಿದು, ನಾಗೇಸಿ ಮೇಳದವರ ಎಷ್ಟೋ ಸವಾಲಿಗೆ ನಿಂತ ನಿಲುವಿನಲ್ಲಿ ಜವಾಬು ಕೊಟ್ಟೇನಿ. ಅವತ್ತು ಮಾತ್ರ ಬಾಯಿಗೆ ಜವಾಬು ಬರಲಿಲ್ಲ. ಗುರುಗಳು, "ಇರಲಿ ಬಿಡ್ರಿ, ನಮ್ಮ ಪುಸ್ತಕಕ್ಕ ಬರದು ಕೊಡ್ರಿ" ಅಂದರು. ಏಳನೇ ಇಯತ್ತೆ ಮುಗಿಸಿ ಬಾರುಕೋಲು ಹಿಡಿದವ ನಾನು. ಹಾಡು ಕಟ್ಟೂದು ಬೇರೆ, ಕಾಗದದ ಮೇಲೆ ಬರೆಯೋದು ಬೇರೆ. ಆದರೂ ಈ ಸವಾಲು ನನ್ನನ್ನು ಬಿಡಲಿಲ್ಲ. ಯಾಕಂದರೆ ಇದರ ಬೆನ್ನಿಗೆ ನನ್ನದೊಂದು ತಪ್ಪು ಐತಿ. ಅದನ್ನೂ ಹೇಳಿಯೇ ಜವಾಬು ಹೇಳಬೇಕು.

ನನ್ನ ಗಾಡಿಯನ್ನು ನೋಡದವರಿಗಾಗಿ ಮೊದಲು ಅದರ ರೂಪ ಹೇಳತೀನಿ. ಕರಿ ಬಣ್ಣದ ಹಳೆ ಸ್ಪ್ಲೆಂಡರ್. ಸೀಟಿನ ಮೇಲೆ ನಮ್ಮ ಮನೆಯಾಕಿ ಹೊಲಿದ ಕೌದಿ ಹೊದಿಕೆ. ಅದರ ನಡುವೆ ನಮ್ಮ ಎತ್ತಿನ ಹಳೆಯ ಜೂಲದ ಕೆಂಪು ತುಂಡು. ಹ್ಯಾಂಡಲಿನ ಎರಡೂ ತುದಿಗೆ ಉಣ್ಣೆಯ ಗೊಂಡೆ. ಚಕ್ರದ ನಡುವಿನ ಗುಂಬಕ್ಕೆ ಉಣ್ಣೆಯ ಬಳೆ. ಮುಂದಿನ ಮಡ್‌ಗಾರ್ಡಿನ ಮೇಲೆ ಮೊಮ್ಮಗ ಬರೆದ ‘ಗುಡ್ಡಾಪುರ ದಾನಮ್ಮ ತಾಯಿ’ ಎಂಬ ಕನ್ನಡ ಅಕ್ಷರ. ಮೊದಲು ಇನ್ನೂ ಬಹಳ ಇದ್ದವು: ಹಿಂದಿನ ದೀಪದ ಸುತ್ತ ಪ್ಲಾಸ್ಟಿಕ್ ಹೂವಿನ ಬಳ್ಳಿ, ಮುರಿದ ಸಿ.ಡಿ.ಯ ಚೂರು, ಎರಡೂ ಬದಿಗೆ ಹನ್ನೆರಡು ಹನ್ನೆರಡು ಹಿತ್ತಾಳೆ ಗೆಜ್ಜೆ. ಈಗ ಗೆಜ್ಜೆ ಒಂದೇ ಐತಿ. ಇಪ್ಪತ್ನಾಲ್ಕು ಗೆಜ್ಜೆ ಒಂದಕ್ಕೆ ಇಳಿದ ಕಥೆಯೇ ಈ ಬರಹ.

ಸಿಂಗಾರ ಅಂದರೆ ಏನು ಅಂತ ನನಗೆ ಕಲಿಸಿದವರು ನಮ್ಮಪ್ಪ. ನಮ್ಮ ಜತ್ತ ತಾಲೂಕಿನ ಕಡೆ ಖಿಲಾರಿ ಎತ್ತುಗಳು. ಬಿಳಿ ಮೈ, ನೀಳ ಕೋಡು, ಬಿರುಸು ನಡಿಗೆ. ಕಾರಹುಣ್ಣಿಮೆ ಬಂದರೆ ಅವೇ ನಮ್ಮ ಮನೆಯ ಮದುಮಕ್ಕಳು. ಮರಾಠಿ ಮಂದಿ ಈ ಹಬ್ಬಕ್ಕೆ ಕರ್ನಾಟಕಿ ಬೇಂದೂರ ಅಂತಾರೆ. ತಮ್ಮ ಬೇಂದೂರವನ್ನು ಬೇರೆ ಮಾಡತಾರೆ. ಹೆಸರು ಎರಡಾದರೂ ಎತ್ತಿಗೆ ಅದು ಗೊತ್ತಿಲ್ಲ, ಅದಕ್ಕೆ ಎರಡೂ ಕಡೆ ಹುಗ್ಗಿಯೇ.

ಕಾರಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಅವತ್ತು ಬಣ್ಣ ಇಲ್ಲ, ಗೆಜ್ಜೆ ಇಲ್ಲ. ಎತ್ತಿನ ಮೈ ತೊಳೆದು, ಹೆಗಲಿಗೆ ಅರಿಷಿಣ ಎಣ್ಣೆ ಹಚ್ಚಿ ತಿಕ್ಕೂದು. ನೊಗ ಹೊತ್ತು ಹೊತ್ತು ಕಲ್ಲಿನ ಹಾಗೆ ಆದ ಹೆಗಲು ಅದು. ಅಪ್ಪ ಅಂಗೈಯಿಂದ ಸಾವಕಾಶ ತಿಕ್ಕುತ್ತ, ಎಲ್ಲಿ ಗಾಯ ಐತಿ, ಎಲ್ಲಿ ಬಾವು ಐತಿ ಅಂತ ಕೈಯಿಂದಲೇ ಓದುತ್ತಿದ್ದರು. ನಾನು ಸಣ್ಣವ, ನನಗೆ ಅವಸರ. "ಅಪ್ಪಾ, ಕೋಡಿಗೆ ಬಣ್ಣ ಯಾವಾಗ ಹಚ್ಚೂದು?" ಅಂದರೆ ಅವರು ಅಂತಿದ್ದರು: "ಮೊದಲ ಹೆಗಲ ನೋಡಬೇಕು, ಆಮ್ಯಾಲೆ ಕೋಡು. ಹೆಗಲ ಮ್ಯಾಲೆ ಹುಣ್ಣ ಇಟ್ಟುಕೊಂಡು ಕೋಡಿಗೆ ಬಣ್ಣ ಬಳದರ ಅದು ಎತ್ತಿಗೆ ಮಾಡೂ ಸಿಂಗಾರ ಅಲ್ಲಲೇ ತಮ್ಮಾ, ಮಂದಿ ಕಣ್ಣಿಗೆ ಮಾಡೂ ಮೋಸ."

1972ರ ಬರ ಇಲ್ಲಿಯ ಹಿರಿಯರಿಗೆ ನೆನಪಿರಬೇಕು. ಊರ ಮಂದಿ ಎಲ್ಲ ಬರಗಾಲದ ಕಾಮಗಾರಿಗೆ ಖಡಿ ಒಡೆಯಲಿಕ್ಕೆ ಹೋಗುತ್ತಿದ್ದ ಕಾಲ. ಮರುವರ್ಷ ಕಾರಹುಣ್ಣಿಮೆ ಬಂತು. ನಾನಾಗ ಹದಿನೈದರ ಹುಡುಗ. ಅಟ್ಟದ ಮೇಲಿಂದ ಗೆಜ್ಜೆಸರ, ಜೂಲ, ಕೋಡಣಸು ಎಲ್ಲ ಇಳಿಸಿ ಒರೆಸಿ ಇಟ್ಟಿದ್ದೆ. ಅಪ್ಪ ನೋಡಿ, ಒಂದು ಮಾತು ಆಡದೆ ತಿರುಗಿ ಅಟ್ಟಕ್ಕೆ ಏರಿಸಿಬಿಟ್ಟರು. ನಾನು ಅತ್ತೆ. ಎತ್ತಿನ ಪಕ್ಕೆಲುಬು ಎಣಿಸುವಂತಿದ್ದವು. ಅಪ್ಪ ಹೇಳಿದ್ದು ಇಷ್ಟು: "ಹೊಟ್ಟಿಗೆ ಹಾಕಲಿಕ್ಕೆ ಆಗದವ ಗೆಜ್ಜಿ ಕಟ್ಟಬಾರದು. ಅದು ಅಣಕಾ ಮಾಡಿದಂಗ." ಆ ವರ್ಷ ನಮ್ಮ ಎತ್ತುಗಳ ಹೆಗಲಿಗೆ ಎಣ್ಣೆ ಮಾತ್ರ ಬಿತ್ತು. ನಮ್ಮವ್ವ ಪಲ್ಯಕ್ಕೆ ಇಟ್ಟ ಎಣ್ಣೆಯಲ್ಲೇ ಒಂದು ಹನಿ ಉಳಿಸಿ ಕೊಟ್ಟಿದ್ದಳು.

ಸಿಂಗಾರಕ್ಕೂ ಒಂದು ಸರದಿ ಐತಿ ಅನ್ನೂದನ್ನ ನಾನು ಅವತ್ತು ನೋಡಿದೆ. ಮೊದಲು ಹೊಟ್ಟೆ, ಆಮೇಲೆ ಹೆಗಲು, ಕಡೆಗೆ ಕೋಡು. ನೋಡಿದ್ದೇನೋ ಖರೆ, ಆದರೆ ಕಲಿಯಲಿಲ್ಲ. ಕಲಿಯೋದಕ್ಕೆ ಮತ್ತೆ ಐವತ್ತು ವರ್ಷ ಬೇಕಾಯಿತು.

2012-13ರ ಬರದಲ್ಲಿ ನನ್ನ ಕಡೆಯ ಜೋಡೆತ್ತನ್ನು ದನದ ಛಾವಣಿಯಲ್ಲಿ ಕಟ್ಟಿ ಉಳಿಸಿಕೊಂಡೆ. ಉಳಿಸಿಕೊಂಡೆ ಅಂದರೂ ಮುಂದೆ ಸಾಕಲಿಕ್ಕೆ ಆಗಲಿಲ್ಲ. ಹೊಲ ಉಳಲಿಕ್ಕೆ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತಿತ್ತು. ಮೇವು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಸಂತೆಯಲ್ಲಿ ಮಾರಿದೆ. ಕೊಂಡವ ರೈತನೇ, ಒಳ್ಳೆಯವ. ಹಗ್ಗ ಅವನ ಕೈಗೆ ಕೊಟ್ಟು ಗೆಜ್ಜೆಸರ ಬಿಚ್ಚಿಕೊಂಡೆ. ಅವನ ಹಿಂದೆ ನಡೆದ ಎತ್ತು, ನನ್ನ ಕೈಯಲ್ಲಿ ಗೆಜ್ಜೆ ಸಪ್ಪಳಾದ ಕೂಡಲೇ ನಿಂತು ಹೊರಳಿ ನೋಡಿತು. ಅದರ ಕಣ್ಣನ್ನು ನಾನು ಹಾಡಿನಲ್ಲಿ ಇನ್ನೂ ಕಟ್ಟಿಲ್ಲ, ಕಟ್ಟೂದೂ ಇಲ್ಲ.

ಎರಡು ವರ್ಷ ಆ ಗೆಜ್ಜೆಗಳು ಟ್ರಂಕಿನಲ್ಲಿದ್ದವು. ಆಮೇಲೆ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡೆ. ಹಾಡಿನ ಮೇಳಕ್ಕೆ ಅದು ಬೇಕೇ ಇತ್ತು. ಉಮದಿ, ಸಂಖ, ಮಾಡಗ್ಯಾಳದ ಕಡೆ ಒಂದು ರಾತ್ರಿ, ಚಡಚಣ, ಇಂಡಿ, ತಿಕೋಟಾ, ಅಥಣಿ ಕಡೆ ಇನ್ನೊಂದು ರಾತ್ರಿ. ಬೆಳತನಕ ಹಾಡಿ, ನಸುಕಿನಲ್ಲಿ ಹೊರಟು, ಬಿಸಿಲೇರುವ ಹೊತ್ತಿಗೆ ಹೊಲದಲ್ಲಿರಬೇಕು. ಬಸ್ಸು ಕಾಯುತ್ತ ಕುಂತರೆ ಆಗೂದಿಲ್ಲ. ನಾನು ಮುಂದೆ, ಹಿಂದೆ ನನ್ನ ತುಂತುಣಿ ದೋಸ್ತ, ನಮ್ಮಿಬ್ಬರ ನಡುವೆ ಡಪ್ಪು. ಹೀಗೆ ಎಷ್ಟು ಊರು ತಿರುಗಿದೆವೋ ಲೆಕ್ಕ ಇಟ್ಟಿಲ್ಲ.

ಸ್ಪ್ಲೆಂಡರ್ 1994ರಲ್ಲಿ ಮಾರ್ಕೆಟ್ಟಿಗೆ ಬಂದ ಗಾಡಿ. ನಮ್ಮ ಕಡೆ ಎಷ್ಟು ಹಬ್ಬಿತು ಅಂದರೆ, ಜತ್ತದ ಸಂತೆಯ ದಿನ ನೂರು ಗಾಡಿ ನಿಂತಿದ್ದರೆ ಅರ್ಧಕ್ಕರ್ಧ ಅವೇ. ಒಂದ್ಸಲ ಒಬ್ಬ ಮುದುಕ ನನ್ನ ಗಾಡಿಗೆ ತನ್ನ ಕೀಲಿ ಹಾಕಿ ಚಾಲೂ ಮಾಡಿ ಹೊರಟೇ ಬಿಟ್ಟಿದ್ದ. ಸವೆದ ಕೀಲಿ, ಸವೆದ ಕೀಲಿಕಂಡಿ, ಒಂದಕ್ಕೊಂದು ಒಪ್ಪಿಕೊಂಡಿದ್ದವು. ನಾನು ಬೆನ್ನು ಹತ್ತಿ ಓಡಿ ನಿಲ್ಲಿಸಿದೆ. ಅವನು ಇಳಿದು, "ನಂದೂ ಹಿಂಗ ಐತಲ್ಲೋ ಮಾರಾಯಾ" ಅಂದ. ಮನೆಗೆ ಬಂದು ಹೇಳಿದರೆ ನಮ್ಮ ಮನೆಯಾಕಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವತ್ತೇ ರಾತ್ರಿ ಟ್ರಂಕು ತೆಗೆದಳು. "ನಮ್ಮ ಎತ್ತ ಸಾವಿರ ಎತ್ತಿನಾಗ ಇದ್ದರೂ ಗುರ್ತ ಸಿಗತಿತ್ತು. ಇದಕ್ಕೂ ಒಂದು ಗುರ್ತ ಬ್ಯಾಡೇನ್ರಿ?" ಅಂದಳು.

ಗಾಡಿಯ ಸಿಂಗಾರ ಹೀಗೆ ಶುರುವಾಯಿತು. ಅಂಗಡಿಯ ಒಂದು ವಸ್ತು ಇಲ್ಲ. ಗೊಂಡೆಯ ಉಣ್ಣೆ ನಮ್ಮ ಓಣಿಯ ಕುರುಬರ ಮನೆಯದು. ಕೌದಿಯಲ್ಲಿ ಅವಳ ಮದುವೆಯ ಸೀರೆಯ ಅಂಚು, ನನ್ನ ಹರಿದ ರುಮಾಲು, ಮೊಮ್ಮಗನ ಶಾಲೆಯ ಅಂಗಿ, ಎಲ್ಲ ಸೇರಿದ್ದವು. ಗುರುಗಳ ಸವಾಲಿಗೆ ನನ್ನ ಮೊದಲ ಜವಾಬು ಇದು: ಕಾರ್ಖಾನೆಯಿಂದ ಬಂದ ಗಾಡಿ ರೊಕ್ಕ ಕೊಟ್ಟವರ ಪಾಲು. ಮನೆಯವರು ಕುಂತು ಒಂದು ಹೊಲಿಗೆ ಹಾಕಿದ ಮೇಲೆ ಅದು ಮನೆಯ ಪಾಲು. ಕಬ್ಬಿಣಕ್ಕೆ ತಿಳಿಯೋದಿಲ್ಲ, ಖರೆ. ಆದರೆ ಹೊಲಿದ ಕೈಗೆ ತಿಳಿತೈತಿ.

ಸಿಂಗಾರದಿಂದ ಇನ್ನೊಂದು ಆಗುತ್ತೈತಿ, ಅದು ನನಗೆ ಮೊದಲು ಹೊಳೆದಿರಲಿಲ್ಲ. ಗುರುತು ಇದ್ದವನು ಅಡಗಲಾರ. ನನ್ನ ಗಾಡಿ ಎಲ್ಲಿ ನಿಂತರೂ ಊರಿಗೆ ಸುದ್ದಿ. ಯಾರದೋ ಕಣದ ಜೋಳ ತುಳಿದು ಹೋದರೆ, ಬೇಡದ ಅಂಗಡಿಯ ಮುಂದೆ ನಿಲ್ಲಿಸಿದರೆ, ದಾರಿಯಲ್ಲಿ ಕೈ ಮಾಡಿದ ಮುದುಕಿಯನ್ನು ಹತ್ತಿಸಿಕೊಳ್ಳದೆ ಹೋದರೆ, ಸಂಜೆಗೆ ಮನೆಗೆ ವರದಿ. "ಗೆಜ್ಜಿ ಗಾಡಿಯವ ನಿಲ್ಲಿಸಲಿಲ್ಲ" ಅನ್ನೂ ಮಾತು ಕೇಳಬಾರದು ಅಂತಲೇ ನಾನು ಎಷ್ಟೋ ಸಲ ಬ್ರೇಕ್ ಹಾಕೇನಿ. ಇದು ದೊಡ್ಡ ಧರ್ಮ ಅಲ್ಲ, ಮಂದಿಯ ಅಂಜಿಕೆ. ಆದರೆ ಅಂಜಿಕೆಯಿಂದ ಶುರುವಾದದ್ದು ಆಮೇಲೆ ರೂಢಿಯಾಯಿತು.

ಗಡಿ ದಾಟಿದರೆ ಗುರುತಿನ ರಗಳೆಯೂ ಐತಿ. ನಂಬರ್ ಪಾಟಿಯ ಮೇಲೆ ಎಂ.ಎಚ್. 10, ಅಂದರೆ ಸಾಂಗಲಿ ಜಿಲ್ಲೆ. ಮಡ್‌ಗಾರ್ಡಿನ ಮೇಲೆ ಕನ್ನಡ. ಚಡಚಣದಲ್ಲಿ ಚಹಾದ ಅಂಗಡಿಯವ ಹಿಂದಿನಿಂದ ನೋಡಿ ಮರಾಠಿಯಲ್ಲಿ ಮಾತಾಡಿಸುತ್ತಾನೆ. ಮಂಗಳವೇಢೆಯಲ್ಲಿ ಮುಂದಿನಿಂದ ನೋಡಿದವರು "ಕರ್ನಾಟಕದವರಾ?" ಅಂತ ಕೇಳುತ್ತಾರೆ. ಸರಕಾರ ಕೊಟ್ಟ ಗುರುತು ಹಿಂದೆ, ಮನೆಯವರು ಕೊಟ್ಟ ಗುರುತು ಮುಂದೆ. ಎರಡೂ ನನ್ನವೇ. ಹಾಗಂತ ನಂಬರ್ ಪಾಟಿಯ ತಂಟೆಗೆ ನಾನು ಹೋಗಿಲ್ಲ. ನಮ್ಮ ಹುಡುಗರು 8055 ಅಂಕಿಯನ್ನು ತಿರುವಿ ‘ಬಾಸ್’ ಅಂತ ಓದುವ ಹಾಗೆ ಬರೆಸುತ್ತಾರೆ. ಅದು ಕಾಯಿದೆಗೆ ವಿರುದ್ಧ. 2019ರ ಎಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಲ್ಲ ಕಡೆ ಒಂದೇ ನಮೂನೆಯ ಪಾಟಿ ಬಂದದ್ದೂ ಇಂಥ ಆಟ ನಿಲ್ಲಲಿ ಅಂತಲೇ. ಪಾಟಿ ಇರೋದು ಆಪತ್ತಿನಲ್ಲಿ ಮಂದಿ ಓದಲಿಕ್ಕೆ. ಅದನ್ನು ಓದಲಾರದ ಹಾಗೆ ಸಿಂಗರಿಸಿದರೆ ಮುಖಕ್ಕೆ ಬಣ್ಣ ಹಚ್ಚಿ ಕಣ್ಣು ಮುಚ್ಚಿದ ಹಾಗೆ.

ಇಷ್ಟೆಲ್ಲ ಬುದ್ಧಿ ಹೇಳುವ ನಾನೇ ಏನು ಮಾಡಿದೆ ಅನ್ನೂದನ್ನ ಈಗ ಹೇಳತೀನಿ.

ಗಾಡಿಯ ಸಿಂಗಾರಕ್ಕೆ ಹೆಸರು ಬಂತು. ಜಾತ್ರೆಯಲ್ಲಿ ಹುಡುಗರು ಫೋಟೊ ತೆಗೆಸಿಕೊಂಡರು. ಮೇಳಕ್ಕೆ ಕರೆಯುವವರು "ಗೆಜ್ಜಿ ಗಾಡಿ ಹೊಡಕೊಂಡ ಬರ್ರಿ" ಅನ್ನಲಿಕ್ಕೆ ಹತ್ತಿದರು. ನನಗೆ ಹುರುಪು ಏರಿತು. ಮೊದಲು ನಾಲ್ಕು ಗೆಜ್ಜೆ ಇದ್ದದ್ದು ಎಂಟಾಯಿತು, ಇಪ್ಪತ್ನಾಲ್ಕಾಯಿತು. ಹಿಂದಿನ ಚಕ್ರದ ಎರಡೂ ಬದಿಗೆ, ಸೀರೆ ಗಾರ್ಡಿನ ಸರಳಿಗೆ ಸಾಲಾಗಿ ಕಟ್ಟಿದೆ. ಕಚ್ಚಾ ರಸ್ತೆಯಲ್ಲಿ ಹೊರಟರೆ ಮದುವೆಯ ದಿಬ್ಬಣ ಬಂದ ಹಾಗೆ ಸಪ್ಪಳ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಗೆಜ್ಜೆ ತಿಕ್ಕುತ್ತಿದ್ದೆ. ಚೈನಿಗೆ ಎಣ್ಣೆ ಹಾಕಿ ಎಷ್ಟು ದಿನವಾಯಿತು ಅಂತ ಕೇಳಿದ್ದರೆ ಹೇಳಲಿಕ್ಕೆ ಬರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ನಸುಕು. ಚಡಚಣದ ಕಡೆ ರಾತ್ರಿಯೆಲ್ಲ ಹಾಡಿ ಹೊರಳುತ್ತಿದ್ದೆವು. ಜೋರೇನೂ ಇರಲಿಲ್ಲ. ಸಡಿಲಾದ ಚೈನು ಹಲ್ಲಿನ ಚಕ್ರದಿಂದ ಜಾರಿ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಒಮ್ಮೆಲೇ ಹಿಡಿದು ನಿಂತಿತು. ಗಾಡಿ ಅಡ್ಡ ಬಿತ್ತು. ನನಗೆ ಮೊಣಕೈ ತರಚಿತು, ಅಷ್ಟೇ. ದೋಸ್ತನ ಬಲಗಾಲು ಗಾಡಿಯ ಕೆಳಗೆ ಸಿಕ್ಕಿತು. ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿಯಿತು. ಮಿರಜಿಗೆ ಒಯ್ದು ರಾಡ್ ಹಾಕಿಸಿದೆವು. ನಲವತ್ತು ವರ್ಷ ನನ್ನ ಹಿಂದೆ ನಿಂತು ‘ಗೀಗೀ’ ಅಂತ ದನಿಗೂಡಿಸಿದವ, ಇವತ್ತಿಗೂ ಹತ್ತು ನಿಮಿಷದ ಮೇಲೆ ನಿಲ್ಲಲಾರ.

ಗಾಡಿ ರಿಪೇರಿ ಮಾಡುವ ಹುಡುಗ ಚೈನು ಬಿಚ್ಚಿ ನನ್ನ ಕೈಗೆ ಕೊಟ್ಟ. ಒಣಗಿ, ಕಿಲುಬು ಹಿಡಿದು, ಜೋತು ಬಿದ್ದಿತ್ತು. "ಕಾಕಾ, ಚೈನು ಒಂದು ಇಂಚಿನಷ್ಟ ಆಡಬೇಕರಿ, ಇದು ಕೈಯಷ್ಟ ಆಡಾಕತ್ತೈತಿ. ಹದಿನೈದ ದಿನದಿಂದ ಕವರಿಗೆ ಬಡದು ಸಪ್ಪಳ ಮಾಡಿರಬೇಕು. ನಿಮಗ ಕೇಳಸಲಿಲ್ಲೇನ್ರಿ?"

ಕೇಳಿಸಲಿಲ್ಲ. ಗೆಜ್ಜೆಯ ಸಪ್ಪಳದಲ್ಲಿ ಕೇಳಿಸಲಿಲ್ಲ.

ನನ್ನ ಕಿವಿ ಹಾಡಿನ ಕಿವಿ. ತುಂತುಣಿಯ ತಂತಿ ಒಂದು ಕೂದಲೆಳೆ ಇಳಿದರೂ ತಿಳಿಯುತ್ತೈತಿ. ಅಂಥ ಕಿವಿ ಇಟ್ಟುಕೊಂಡು ಕಾಲ ಕೆಳಗಿನ ಚೈನು ಹದಿನೈದು ದಿನ ಕೂಗಿದ್ದು ಕೇಳಲಿಲ್ಲ. ಅವತ್ತು ರಾತ್ರಿ ಇಪ್ಪತ್ನಾಲ್ಕು ಗೆಜ್ಜೆ, ಗೊಂಡೆ, ಕೌದಿ, ಹೂವಿನ ಬಳ್ಳಿ ಎಲ್ಲ ಕಿತ್ತು ಚೀಲಕ್ಕೆ ತುಂಬಿ ಮೂಲೆಗೆ ಒಗೆದೆ. ರಿಪೇರಿಯಾಗಿ ಬಂದ ಗಾಡಿಯನ್ನು ಬೋಳು ಮೈಯಲ್ಲಿ ಸಪ್ಪರದ ಕೆಳಗೆ ನಿಲ್ಲಿಸಿದೆ. ಅದರ ಕಡೆ ನೋಡಲಿಕ್ಕೆ ಮನಸ್ಸಾಗುತ್ತಿರಲಿಲ್ಲ.

ಆ ದಿನಗಳಲ್ಲಿ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅದೇ ಗೆಜ್ಜೆ ಎತ್ತಿನ ಕೊರಳಲ್ಲಿ ಹದಿನೈದು ವರ್ಷ ಇತ್ತು. ಅಲ್ಲಿ ಯಾಕೆ ಮೋಸ ಮಾಡಲಿಲ್ಲ? ನೆನೆಸಿ ನೋಡಿದೆ. ಎತ್ತಿನ ಕೊರಳ ಗೆಜ್ಜೆ ಎತ್ತಿನ ನಡಿಗೆಯಿಂದಲೇ ದನಿ ಮಾಡುತ್ತೈತಿ. ಎತ್ತು ಕಾಲು ಎತ್ತಿ ಹಾಕಿದರೆ ಗೆಜ್ಜೆಯ ತಾಳ ತಪ್ಪುತ್ತಿತ್ತು. ರಾತ್ರಿ ಮಲಗಿದಲ್ಲೇ ಅಪ್ಪ, "ಎಡಗಡೆದು ಮೇವ ಬಿಟ್ಟೈತಿ, ಗೆಜ್ಜಿ ಸುಮ್ಮನ ಐತಿ ನೋಡು" ಅಂತ ಎದ್ದು ಹೋಗುತ್ತಿದ್ದರು. ಅಲ್ಲಿ ಗೆಜ್ಜೆ ಎತ್ತಿನ ನಾಲಿಗೆ. ಅದಕ್ಕೆ ಬಾಯಿಲ್ಲ ಅಂತ ನಾವು ಕೊಟ್ಟ ಬಾಯಿ. ಗಾಡಿಗೆ ತನ್ನದೇ ದನಿ ಐತಿ. ಇಂಜಿನ್ ಗುರುಗುಟ್ಟಿದರೆ ಒಂದು ಅರ್ಥ, ಬ್ರೇಕ್ ಕಿರುಗುಟ್ಟಿದರೆ ಒಂದು ಅರ್ಥ, ಚೈನು ಬಡಿದರೆ ಒಂದು ಅರ್ಥ. ಅದರ ಮೇಲೆ ನಾನು ಗೆಜ್ಜೆ ಕಟ್ಟಿ ಅದರ ಬಾಯಿ ಮುಚ್ಚಿದೆ. ಒಂದೇ ವಸ್ತು, ಒಂದು ಕಡೆ ಖರೆ ಹೇಳಿತು, ಇನ್ನೊಂದು ಕಡೆ ಖರೆ ಮುಚ್ಚಿತು. ಹಾಗಾದರೆ ಗುಣದೋಷ ಗೆಜ್ಜೆಯಲ್ಲಿಲ್ಲ. ಯಾವುದಕ್ಕೆ ಕಟ್ಟಿದೆವೋ ಅದರ ಮಾತು ಕೇಳಲಿಕ್ಕೆ ಕಟ್ಟಿದೆವೋ, ನಮ್ಮ ಮಾತೇ ಜೋರು ಮಾಡಲಿಕ್ಕೆ ಕಟ್ಟಿದೆವೋ, ಅದರಲ್ಲಿ ಐತಿ.

ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡದ ಜಾತ್ರೆಗೆ ಸಂಕ್ರಮಣದಲ್ಲಿ ನಾನು ಹೋಗತೀನಿ. ಅಲ್ಲಿ ಏಳು ನಂದಿಕೋಲು ಸಿಂಗಾರ ಮಾಡಿಕೊಂಡು ಮೆರವಣಿಗೆ ಬರುತ್ತಾವೆ. ನಾವು ನೋಡುವವರು ತಲೆ ಎತ್ತಿ ತುದಿ ನೋಡತೇವಿ. ಹೊರುವವನ ಮುಖ ಎಷ್ಟು ಮಂದಿ ನೋಡುತ್ತಾರೆ? ತುದಿಗೆ ಒಂದು ಹಾರ ಹೆಚ್ಚಾದರೆ ಅದರ ಭಾರ ಬೀಳೋದು ಅವನ ಮೈಮೇಲೆ. ಸಿಂಗಾರ ಮಾಡುವವ ಒಬ್ಬ, ಹೊರುವವ ಇನ್ನೊಬ್ಬ, ಇದನ್ನು ಮರೆಯಬಾರದು. ನನ್ನ ಗಾಡಿಯ ಸಿಂಗಾರದ ಹೆಸರು ನನಗೆ ಬಂತು. ಭಾರ ಹೊತ್ತದ್ದು ದೋಸ್ತನ ಕಾಲು.

ಐದು ತಿಂಗಳ ಮೇಲೆ ಅವನು ಕೋಲು ಊರುತ್ತ ನಮ್ಮ ಮನೆಗೆ ಬಂದ. ಸಪ್ಪರದ ಕೆಳಗೆ ಗಾಡಿಯನ್ನು ನೋಡಿ ನಿಂತ. ಧೂಳು ಬಿದ್ದಿತ್ತು. ಕೋಳಿ ಸೀಟಿನ ಮೇಲೆ ಕೂತು ಹೇಸಿಗೆ ಮಾಡಿದ್ದವು. ಅವನು ಬಗ್ಗಿ ಕೋಲಿನ ತುದಿಯಿಂದ ಚೈನು ಮೀಟಿದ. ಮತ್ತೆ ಒಣಗಿತ್ತು.

"ಗೆಜ್ಜಿ ಬಿಚ್ಚಿದಿ," ಅಂದ, "ಚೈನಿಗೆ ಎಣ್ಣಿ ಹಾಕಿದೇನು?"

ನಾನು ಸುಮ್ಮನೆ ನಿಂತೆ.

"ಸಿಂಗಾರ ಇದ್ದಾಗೂ ಚೈನ ನೋಡಲಿಲ್ಲ, ಕಿತ್ತ ಒಗದ ಮ್ಯಾಲೂ ಚೈನ ನೋಡಲಿಲ್ಲ. ಅಂದ ಮ್ಯಾಲೆ ತಪ್ಪ ಗೆಜ್ಜಿದ ಹೆಂಗಾತೋ? ಗೆಜ್ಜಿ ಮ್ಯಾಲೆ ತಪ್ಪ ಹೊರಿಸಿ ನೀ ಹಗರ ಆಗಾಕತ್ತಿ."

ನಾಗೇಸಿಯವರು ಎಂದೂ ಕೊಡದ ಜವಾಬು ಅವನು ಕೊಟ್ಟ. ನನ್ನ ಬೋಳು ಗಾಡಿಯೂ ಒಂದು ಸಿಂಗಾರವೇ ಆಗಿತ್ತು, ಪಶ್ಚಾತ್ತಾಪದ ಸಿಂಗಾರ. ನೋಡಿದವರು "ಪಾಪ, ಎಷ್ಟ ನೊಂದಾನ" ಅನ್ನಲಿ ಅಂತ ನಿಲ್ಲಿಸಿದ್ದೆನೋ ಏನೋ. ಅದರ ಹಿಂದೆಯೂ ಚೈನು ಒಣಗಿಯೇ ಇತ್ತು.

ಒಳಗಿನಿಂದ ಕೇಳಿಸಿಕೊಂಡ ಮನೆಯಾಕಿ ಬಂದಳು. ಅವಳ ಮಾತು ಇನ್ನೂ ಸರಳ. "ನಾ ಹೊಲದ ಕೌದಿ ಏನ ತಪ್ಪ ಮಾಡಿತ್ತು ಅಂತ ಚೀಲದಾಗ ತುಂಬಿದ್ರಿ? ಕೌದಿ ಒಗಿಯೂ ದಿನಾ ಗಾಡಿ ತೊಳಿಯೂ ದಿನಾ ಅಂತ ಮಾಡಕೋರಿ. ಅದನ್ನ ಬಿಚ್ಚಬೇಕಂದ್ರ ಗಾಡಿ ಹತ್ರ ಹೋಗಬೇಕಾಗತೈತಿ, ಹೋದ್ರ ಕಣ್ಣಿಗೆ ಬೀಳತೈತಿ."

ಅಪ್ಪನ ಹೊನ್ನುಗ್ಗಿ ನೆನಪಾಯಿತು. ಐವತ್ತು ವರ್ಷದ ಹಿಂದೆ ಅವರು ಹೇಳಿದ್ದೂ ಇದೇ. ಹಬ್ಬದ ಸಿಂಗಾರ ಇದ್ದದ್ದರಿಂದಲೇ ಹಿಂದಿನ ದಿನ ಹೆಗಲು ಮುಟ್ಟಿ ನೋಡುವ ನೆವ ಸಿಗುತ್ತಿತ್ತು. ಸಿಂಗಾರ ಇಲ್ಲದಿದ್ದರೆ ದುಡಿಯುವ ಮನುಷ್ಯನಿಗೆ ಎತ್ತಿನ ಹೆಗಲು ನೋಡಲಿಕ್ಕೆ ಪುರಸೊತ್ತು ಎಲ್ಲಿ?

ಈಗ ಗುರುಗಳ ಸವಾಲಿಗೆ ಬರತೀನಿ. ಕಬ್ಬಿಣಕ್ಕೆ ಜೀವ ಇಲ್ಲ, ಅದಕ್ಕೆ ನಾವು ಏನು ಮಾಡಿದರೂ ಪಾಪವೂ ಇಲ್ಲ, ಪುಣ್ಯವೂ ಇಲ್ಲ ಅಂತ ಅವರ ವಾದ. ಒಪ್ಪತೀನಿ. ಗಾಡಿಗೆ ನೋವಿಲ್ಲ. ಆದರೆ ಗಾಡಿ ಒಂದೇ ಇರೋದಿಲ್ಲ ಅಲ್ರಿ. ಅದರ ಹಿಂದೆ ಒಬ್ಬ ಕುಂತಿರತಾನೆ, ಎದುರಿಗೆ ಒಬ್ಬ ಬರತಾನೆ, ಮನೆಯಲ್ಲಿ ಒಬ್ಬಳು ದಾರಿ ಕಾಯತಾಳೆ. ಜೀವ ಇಲ್ಲದ ಚೈನಿನ ಮೇಲೆ ಇಷ್ಟು ಜೀವ ಜೋತು ಬಿದ್ದಾವೆ. ಹಂಗಾಗಿ ಕಬ್ಬಿಣಕ್ಕೆ ಮಾಡುವ ಸೇವೆ ಕಬ್ಬಿಣಕ್ಕೆ ನಿಲ್ಲೋದಿಲ್ಲ, ಅದು ಮನುಷ್ಯರಿಗೇ ಮುಟ್ಟುತ್ತೈತಿ.

ರಾಜಸ್ಥಾನದ ಪಾಲಿ ಜಿಲ್ಲೆಯಲ್ಲಿ ಹೆದ್ದಾರಿಯ ಬದಿಗೆ ಒಂದು ಬುಲೆಟ್ ಗಾಡಿಗೆ ಗುಡಿ ಐತಿ. 1988ರಲ್ಲಿ ಅಲ್ಲಿ ಅಪಘಾತದಲ್ಲಿ ತೀರಿಕೊಂಡ ಓಂ ಬನ್ನಾ ಅನ್ನುವವರ ಗಾಡಿ ಅದು. ಜನ ಅದಕ್ಕೆ ಹಾರ ಹಾಕಿ, ತಮ್ಮ ಪ್ರಯಾಣ ಸುಖವಾಗಲಿ ಅಂತ ಬೇಡಿಕೊಂಡು ಮುಂದೆ ಹೋಗುತ್ತಾರೆ. ನಮ್ಮಲ್ಲಿಯೂ ಖಂಡೇನವಮಿಗೆ ಗಾಡಿ ತೊಳೆದು ಚೆಂಡುಹೂವಿನ ಹಾರ ಹಾಕತೇವಿ. ನಾನು ಇದನ್ನು ನಗೂದಿಲ್ಲ. ಮನುಷ್ಯನಿಗೆ ದಾರಿಯ ಅಂಜಿಕೆ ಐತಿ, ಕೈ ಮುಗಿಯುತ್ತಾನೆ. ಆದರೆ ಗುಡಿಯ ಗಾಡಿಗೆ ಹಾರ ಸಾಕು, ಅದು ಓಡೂದಿಲ್ಲ. ನಮ್ಮ ಗಾಡಿ ನಾಳೆ ನಸುಕಿನಲ್ಲಿ ಓಡಬೇಕು. ಅದಕ್ಕೆ ಹಾರದ ಮೊದಲು ಎಣ್ಣೆ ಬೇಕು.

ಸಿಂಗಾರದಲ್ಲಿ ನಮ್ಮನ್ನು ಬಗ್ಗಿಸೂದು ಒಂದು, ಬೀಗಿಸೂದು ಒಂದು ಅಂತ ಎರಡು ಜಾತಿ ಅಂತ ನನಗೆ ಈಗ ಅನಿಸುತ್ತೈತಿ. ಚಕ್ರದ ಗುಂಬದ ಉಣ್ಣೆಯ ಬಳೆ ಬಗ್ಗಿಸುವ ಜಾತಿಯದು. ಚಕ್ರ ತಿರುಗಿದ ಹಾಗೆ ಅದು ಗುಂಬದ ಧೂಳು ಒರೆಸುತ್ತೈತಿ, ತಾನು ಹೊಲಸಾಗುತ್ತೈತಿ. ಅದನ್ನು ತೆಗೆದು ತೊಳೆಯಬೇಕಾದರೆ ನಾನು ನೆಲಕ್ಕೆ ಕೂಡಬೇಕು. ಕೂತರೆ ಚೈನು ಕಣ್ಣೆದುರು. ಹಿಂದಿನ ದೀಪದ ಸುತ್ತ ಕಟ್ಟಿದ್ದ ಹೂವಿನ ಬಳ್ಳಿ ಬೀಗಿಸುವ ಜಾತಿ. ನನಗೆ ಚೆಂದ ಕಂಡಿತು, ಹಿಂದೆ ಬರುವವನಿಗೆ ನನ್ನ ದೀಪ ಕಾಣದಂತೆ ಮಾಡಿತು. ಅದನ್ನು ತಿರುಗಿ ಕಟ್ಟಲಿಲ್ಲ. ಬದಲಿಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸೇನಿ. ಸಿ.ಡಿ.ಯ ಚೂರು ಎದುರಿನವನ ಕಣ್ಣಿಗೆ ಹೊಡೆಯುತ್ತಿತ್ತು, ಅದೂ ಹೋಯಿತು. ರುಮಾಲು ಹೆಗಲಿಗೆ ಬಂತು, ತಲೆಗೆ ಹೆಲ್ಮೆಟ್ ಬಂತು. ಇಪ್ಪತ್ಮೂರು ಗೆಜ್ಜೆ ಟ್ರಂಕಿಗೆ ಹೋದವು. ಒಂದನ್ನು ಕೀಲಿಗೆ ಕಟ್ಟೇನಿ. ಗಾಡಿ ಓಡುವಾಗ ಇಂಜಿನ್ ದನಿಯಲ್ಲಿ ಅದು ಕೇಳೂದೇ ಇಲ್ಲ. ಗೂಟದಿಂದ ಕೀಲಿ ತೆಗೆಯುವಾಗ ಮಾತ್ರ ಒಂದು ಸಲ ಝಣ ಅನ್ನುತ್ತೈತಿ. ಚೈನು ನೋಡಿದಿಯೇನು ಅಂತ ಅಪ್ಪ ಕೇಳಿದ ಹಾಗೆ.

ಇದು ಗಾಡಿಯದೊಂದೇ ಮಾತಲ್ಲ ಅಂತ ಓದಿದವರಿಗೆ ಹೇಳಬೇಕಾಗಿಲ್ಲ. ಮನೆಗೆ ಸುಣ್ಣ ಹಚ್ಚಿ ಹಿರಿಯರನ್ನು ಹಿತ್ತಲಿಗೆ ಕೂಡಿಸಿದರೆ, ಶಾಲೆಯ ಗೋಡೆಗೆ ಚಿತ್ರ ಬರೆಸಿ ಒಳಗೆ ಹುಡುಗರಿಗೆ ಕುಡಿಯುವ ನೀರಿಲ್ಲದಿದ್ದರೆ, ಅದೂ ಇಪ್ಪತ್ನಾಲ್ಕು ಗೆಜ್ಜೆಯ ಸಪ್ಪಳವೇ. ಹಾಡುವವನಾಗಿ ನನಗೂ ಇದು ಹತ್ತುತ್ತೈತಿ. ದನಿ ಏರಿಸಿ, ಪ್ರಾಸದ ಮೇಲೆ ಪ್ರಾಸ ಹಾಕಿ, ಜವಾಬು ಗೊತ್ತಿಲ್ಲದ್ದನ್ನು ಮುಚ್ಚಿಕೊಂಡ ರಾತ್ರಿಗಳು ನನ್ನ ಲೆಕ್ಕದಲ್ಲಿ ಇದ್ದಾವೆ. ಮಂದಿ ಚಪ್ಪಾಳೆ ಹೊಡೆದರು. ಚೈನು ಒಣಗಿದ್ದು ನನಗೊಬ್ಬನಿಗೆ ಗೊತ್ತಿತ್ತು.

ದೋಸ್ತ ಈಗ ಕುರ್ಚಿಯ ಮೇಲೆ ಕುಂತು ತುಂತುಣಿ ಬಾರಿಸುತ್ತಾನೆ. ಮೊದಮೊದಲು ಬೇರೆಯವರ ಜೀಪಿನಲ್ಲಿ ಬರುತ್ತಿದ್ದ. ನಾನು ಕರೆಯಲಿಲ್ಲ, ಕರೆಯುವ ಬಾಯಿ ಇರಲಿಲ್ಲ. ಹೋದ ವರ್ಷ ಛಟ್ಟಿ ಅಮವಾಸ್ಯೆಗೆ ಗುಡ್ಡಾಪುರದ ಜಾತ್ರೆಗೆ ಹೊರಟಾಗ ಅವನೇ ಬಂದು ಗಾಡಿಯ ಹತ್ತಿರ ನಿಂತ. ಹತ್ತುವ ಮೊದಲು ಬಗ್ಗಿ, ಕೋಲಿನ ತುದಿಯಿಂದ ಚೈನನ್ನು ಕೆಳಗಿನಿಂದ ಎತ್ತಿ ನೋಡಿದ. ಒಂದು ಇಂಚು ಆಡಿತು. ಕೋಲಿನ ತುದಿಗೆ ಎಣ್ಣೆ ಹತ್ತಿತ್ತು. ಅದನ್ನು ನನ್ನ ಧೋತರದ ಚುಂಗಿಗೆ ಒರೆಸಿ, ಕೌದಿಯ ಮೇಲೆ ಕುಂತು, "ನಡಿ" ಅಂದ.

ಆ ಎಣ್ಣೆಯ ಕಲೆ ಎಷ್ಟು ಒಗೆದರೂ ಹೋಗಿಲ್ಲ. ಇರಲಿ ಬಿಡ್ರಿ ಗುರುಗಳ. ನಾನು ಮಾಡಿಕೊಂಡ ಸಿಂಗಾರಗಳಲ್ಲಿ ಅದೊಂದು ಖರೆ ಐತಿ.